ಅತ್ತೆಯ ಪಾದ, ಸೊಸೆಯ ಬೆವರು

"ನನ್ನ ಪಾದ ಮುಟ್ಟಿದೋರು ನಡುಗದೆ ಎದ್ದಿದ್ದೇ ಇಲ್ಲ ಕಣ್ರೀ," ಎಂದು ಮಹಾಲಕ್ಷ್ಮಿ ಲೇಔಟಿನ ಕಮಲಾಕ್ಷಮ್ಮ ಬೀದಿಗೆಲ್ಲ ಸಾರಿದ್ದರು. ಸಾಕ್ಷಿಗೆ ಮನೆಯಲ್ಲೇ ಒಬ್ಬಳಿದ್ದಳು: ಸೊಸೆ ಪ್ರಭಾ, ಶಾಲೆಯೊಂದರ ಗಣಿತದ ಮೇಡಂ.

ಶುಕ್ರವಾರ ಬಂತೆಂದರೆ ಪ್ರಭಾ ಅತ್ತೆಯ ಪಾದ ಮುಟ್ಟಿ ನಮಸ್ಕರಿಸಬೇಕಿತ್ತು. ಅತ್ತೆ ಸೋಫಾದಲ್ಲಿ ಕೂತು ಕಾಲು ಚಾಚುವರು. ಆ ಹಿಮ್ಮಡಿಯ ಬಿರುಕಿಗೆ ಸಿಟಿ ಬಸ್ಸೊಂದು ಇಳಿದರೆ ಮತ್ತೆ ಡಿಪೋ ಸೇರುವ ಆಸೆಯಿರಲಿಲ್ಲ. ಮೇಲಿಂದ ಅರಿಶಿನ, ಹರಳೆಣ್ಣೆ, ಹಳೇ ಚಪ್ಪಲಿ ಕೂಡಿದ ನಾತ. ಉಸಿರು ಬಿಗಿಹಿಡಿದು ಬಗ್ಗಿದಳೋ ಇಲ್ಲವೋ, ಎದೆ ಡೋಲು ಬಡಿಯುವುದು, ಮುಖ ಸುಣ್ಣವಾಗುವುದು, ತಲೆ ಸಿಡಿಯುವುದು, ಕೈ ಗಡಗಡ. ಆ ಬೆವರನ್ನು ಹಿಡಿದಿಟ್ಟಿದ್ದರೆ ಕಾವೇರಿ ನೀರು ಬಿಡದ ದಿನ ಇಡೀ ಬೀದಿ ಮಿಂದು ಮಡಿಯಾಗಬಹುದಿತ್ತು.

"ನೋಡಿದ್ರಾ, ಶಕ್ತಿ!" ಎನ್ನುವರು ಕಮಲಾಕ್ಷಮ್ಮ, ನೋಡಲೆಂದೇ ಬಂದು ಕೂತ ಹೆಂಗಸರಿಗೆ. ಅವರು ಕೋಸಂಬರಿ ಮೆಲ್ಲುತ್ತ ತಲೆದೂಗುವರು. ಅವರ ಬಾಯಂಚಿಗೆ ಅಂಟಿದ ಬೇಳೆ ಕಂಡರೂ ಪ್ರಭಾಗೆ ವಾಕರಿಕೆ.

"ಆಸ್ಪತ್ರೆಗೆ ಹೋಗೋಣ ರೀ, ಇದರಲ್ಲೇ ಸತ್ತೋಗ್ತೀನಿ ಅನ್ಸತ್ತೆ."

"ಭಕ್ತಿಗೆ ಯಾರಾದ್ರೂ ಮಾತ್ರೆ ಕೊಡ್ತಾರೇನೇ?" ಎಂದ ಗಂಡ ಮಧ್ವೇಶ್.

ಒಂದು ದಿನ ತರಗತಿಯಲ್ಲಿ ಕೈಯಿಂದ ಚಾಕ್‌ಪೀಸ್ ಜಾರಿತು. ಎತ್ತಲು ಬಗ್ಗಿದಳು. ಅದೇ ಡೋಲು, ಅದೇ ಸುಣ್ಣ, ಅದೇ ಬೆವರು. ಶಾಲೆ ಇದ್ದದ್ದು ಹೆಗ್ಗನಹಳ್ಳಿಯಲ್ಲಿ, ಪಾದ ಇದ್ದದ್ದು ಮನೆಯಲ್ಲಿ. ಗಣಿತದ ಮೇಡಂಗೆ ಲೆಕ್ಕ ತಾಳೆಯಾಗಲಿಲ್ಲ. ಅಂದೇ ಒಬ್ಬಳೇ ಆಸ್ಪತ್ರೆಗೆ ಹೋದಳು.

ಸ್ಕ್ಯಾನ್ ನೋಡಿ ಡಾಕ್ಟರು ಹೇಳಿದರು: "ಕಿಡ್ನಿ ಮೇಲೊಂದು ಗ್ರಂಥಿ ಇರುತ್ತೆ ಮೇಡಂ. ನಾಯಿ ಅಟ್ಟಿಸ್ಕೊಂಡು ಬಂದ್ರೆ ಅದು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತೆ, ನೀವು ಓಡ್ತೀರಿ. ನಿಮಗೆ ಅದರಲ್ಲೇ ಗಡ್ಡೆ. ಬಗ್ಗಿದ್ರೆ ಹೊಟ್ಟೆ ಒತ್ತಿ ಗಡ್ಡೆ ಹಿಂಡಿದ ಹಾಗಾಗುತ್ತೆ. ನಾಯೀನೇ ಇಲ್ದೆ ಬಿಪಿ ಏರುತ್ತೆ. ಎದೆಬಡಿತ, ಬೆವರು, ತಲೆನೋವು, ಎಲ್ಲಾ ಅದರದ್ದೇ ಕೆಲಸ. ಹಾಗೇ ಬಿಟ್ರೆ ಜೀವಕ್ಕೇ ಅಪಾಯ."

ಮೊದಲು ಮಾತ್ರೆ ಕೊಟ್ಟು ಬಿಪಿ ಪಳಗಿಸಿದರು, ಆಮೇಲೆ ಗಡ್ಡೆ ತೆಗೆದರು.

ಗಾಯ ಮಾಗಿದ ಮೇಲಿನ ಶುಕ್ರವಾರ ಕಮಲಾಕ್ಷಮ್ಮ ಮತ್ತೆ ಕಾಲು ಚಾಚಿದರು. ಹೆಂಗಸರು ಮೆಲ್ಲುವುದನ್ನೂ ಮರೆತರು. ಪ್ರಭಾ ಬಗ್ಗಿದಳು, ಮುಟ್ಟಿದಳು, ಎದ್ದಳು. ಒಂದು ಹನಿ ಬೆವರಿಲ್ಲ.

"ಏನೇ ಇದು, ನನ್ನ ಪಾದದ ಶಕ್ತಿ ಎಲ್ಲೋಯ್ತೇ?"

ಸೆರಗಿಗೆ ಕೈ ಉಜ್ಜಿ ಉಜ್ಜಿ ಒರೆಸಿಕೊಳ್ಳುತ್ತ ಪ್ರಭಾ ಎಂದಳು:

"ಲ್ಯಾಬಲ್ಲಿ ಬಾಟ್ಲಿಗೆ ಹಾಕಿಟ್ಟಿದಾರೆ ಅತ್ತೆ. ಬೇಕಿದ್ರೆ ಹೋಗಿ ನೀವೇ ಅದಕ್ಕೊಂದು ನಮಸ್ಕಾರ ಮಾಡ್ಕೊಂಡ್ ಬನ್ನಿ."