ತಕರಾರಿದ್ದವರು ಏಳು ದಿನದೊಳಗೆ

ಪತ್ರಿಕೆ ಕೈಗೆ ಬಂದರೆ ನಾನು ಮೊದಲು ಓದುವುದು ಸಣ್ಣ ಅಕ್ಷರದ ಪ್ರಕಟಣೆಗಳನ್ನು. ಧಾರವಾಡದಲ್ಲಿ ಹತ್ತಿದ ಚಟ ಇದು. ಯಾರೋ ಮಾರ್ಕ್ಸ್ ಕಾರ್ಡ್ ಕಳೆದುಕೊಂಡಿರುತ್ತಾರೆ, ಯಾರೋ ಹೆಸರು ಬದಲಿಸಿಕೊಂಡಿರುತ್ತಾರೆ. ಪ್ಲಾಟು ಕೊಳ್ಳುವವರೊಬ್ಬರು ‘ತಕರಾರಿದ್ದವರು ಏಳು ದಿನದೊಳಗೆ ತಿಳಿಸತಕ್ಕದ್ದು, ತಪ್ಪಿದಲ್ಲಿ ಯಾರ ತಕರಾರೂ ಇಲ್ಲವೆಂದು ಭಾವಿಸಲಾಗುವುದು’ ಎಂದು ಇಡೀ ಊರಿಗೇ ಸವಾಲು ಹಾಕಿರುತ್ತಾರೆ. ಏಳು ದಿನ ಸುಮ್ಮನಿದ್ದವರು ಒಪ್ಪಿದ ಹಾಗೆ ಎಂಬ ಆ ನಂಬಿಕೆ ನನಗೆ ಬಹಳ ಹಿಡಿಸಿತ್ತು. ನಿಜ ಹೇಳಬೇಕೆಂದರೆ ಸಂಸಾರವನ್ನೂ ಅದರ ಮೇಲೆಯೇ ನಡೆಸಿದ್ದೇನೆ.

ಹಾಗಾಗಿ ಹ್ಯೂಸ್ಟನ್ನಿನಲ್ಲಿದ್ದಾಗ ಕಂಪನಿ ತೆರೆಯುವ ಯೋಗ ಬಂದಾಗ ನನಗೆ ಮೊದಲು ನೆನಪಾದದ್ದು ಬಂಡವಾಳವಲ್ಲ, ಪ್ರಕಟಣೆ. ಕಂಪನಿಯ ಮೂಲಪುರುಷ ಗೆಳೆಯ ಪ್ರಸಾದ. ಆಸ್ಟಿನ್ನಿನ ಪಕ್ಕದ ಲಿಯಾಂಡರಿನಲ್ಲಿ ಮನೆ ಮಾಡಿಕೊಂಡಿದ್ದ ಮೈಸೂರಿನವನು. ಸಂಕ್ರಾಂತಿಗೆ ನಮ್ಮ ಮನೆಗೆ ಬಂದವನು ನನ್ನ ಹೆಂಡತಿ ಶೈಲಾ ಬಡಿದ ಎಳ್ಳು ಹಚ್ಚಿದ ಕಡಕ್ ರೊಟ್ಟಿ ತಿಂದು, ಆಸ್ಟಿನ್ನು, ಡಲ್ಲಾಸು, ಹ್ಯೂಸ್ಟನ್ನು ಮೂರೂ ಕಡೆಯ ಕನ್ನಡಿಗರು ಇದಕ್ಕೆ ಸಾಲು ನಿಲ್ಲುತ್ತಾರೆ ಎಂದ. ತೈಲ ಕಂಪನಿಗಳೇ ತುಂಬಿರುವ ಎನರ್ಜಿ ಕಾರಿಡಾರಿನ ಆಫೀಸಿನಲ್ಲಿ ದಿನವಿಡೀ ಬೇರೆಯವರ ಎಣ್ಣೆಯ ಲೆಕ್ಕ ನೋಡುತ್ತಿದ್ದ ನನಗೆ ಆ ಮಾತು ತಲೆಗೇರಿತು. ರೊಟ್ಟಿ ಮಾರಲು ಎಲ್‌ಎಲ್‌ಸಿ ಮಾಡೋಣ ಎಂದು ತೀರ್ಮಾನವಾಯಿತು. ಅಂದರೆ, ವ್ಯಾಪಾರ ಮುಳುಗಿದರೆ ಕಂಪನಿಯಷ್ಟೇ ಮುಳುಗಬೇಕು, ಮನೆ ಉಳಿಯಬೇಕು. ಕಾನೂನು ಬರೆದವರು ಈ ಎರಡನ್ನೂ ಬೇರೆ ಮಾಡುವುದು ಸುಲಭವೆಂದು ತಿಳಿದಿದ್ದರು.

ನ್ಯೂಯಾರ್ಕಿನಲ್ಲಿರುವ ನಮ್ಮ ಭಾವನವರಿಗೆ ಫೋನ್ ಮಾಡಿದೆ. ಅವರು ತಮ್ಮ ಕಂಪನಿಗಾಗಿ ಎರಡು ಪತ್ರಿಕೆಗಳಲ್ಲಿ ಆರು ವಾರ ಬಿಡದೆ ಪ್ರಕಟಣೆ ಹಾಕಿಸಿದ್ದರಂತೆ, ಇಲ್ಲದಿದ್ದರೆ ನಡೆಯುವುದಿಲ್ಲವಂತೆ. ನ್ಯೂಯಾರ್ಕಿನ ಕಾಯ್ದೆ ಟೆಕ್ಸಸ್ಸಿಗೆ ಲಾಗೂ ಆಗುತ್ತದೆಯೋ ಇಲ್ಲವೋ ಎಂದು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ. ಆರು ವಾರ ನನ್ನ ಹೆಸರು ಅಚ್ಚಾಗುವುದನ್ನು ತಪ್ಪಿಸುವ ಮಾತನ್ನು ನಾನಾಗಿ ಯಾಕೆ ಎತ್ತಲಿ?

ಒಂದು ಶನಿವಾರವಿಡೀ ಕೂತು ಇಂಗ್ಲಿಷಿನಲ್ಲಿ ಪ್ರಕಟಣೆ ಬರೆದೆ. ಕಂಪನಿಯ ಹೆಸರು, ವಿಳಾಸ, ಉದ್ದೇಶ, ಸದಸ್ಯರು. ಕೊನೆಗೆ ಕೈ ಸುಮ್ಮನಿರದೆ, ತಕರಾರಿದ್ದವರು ಏಳು ದಿನದೊಳಗೆ ತಿಳಿಸತಕ್ಕದ್ದು ಎಂಬುದನ್ನೂ ಸೇರಿಸಿದೆ. ಅದನ್ನು ನ್ಯೂಯಾರ್ಕಿನ ಕಾಯ್ದೆಯೂ ಕೇಳಿರಲಿಲ್ಲ. ತಪ್ಪು ತಿದ್ದಲಿ ಎಂದು ಕಾಗದವನ್ನು ಶೈಲಾಗೆ ಕೊಟ್ಟೆ. ವಿಜಯಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು ಅವಳು. ಕೈಗಂಟಿದ ಹಿಟ್ಟು ತೊಳೆದುಕೊಂಡು ಬಂದು, ನಿಂತೇ ಓದಿದಳು. ಎರಡು ಕಾಮಾ ಹಾಕಿದಳು.

“ನಂದೊಂದು ತಕರಾರ ಐತ್ರಿ,” ಎಂದಳು. “ಪ್ರಸಾದ ಅವರ ಹೆಸರೈತಿ, ನಿಮ್ಮ ಹೆಸರೈತಿ. ರೊಟ್ಟಿ ಬಡಿಯಾಕಿ ಹೆಸರ ಎಲ್ಲೈತಿ?”

ನಾನು ವೀಸಾ ಎಂದೆ. ಅವಳದು ಡಿಪೆಂಡೆಂಟ್ ವೀಸಾ, ದುಡಿಯುವಂತಿಲ್ಲ, ಹೆಸರು ಹಾಕಿದರೆ ತೊಂದರೆಯಾಗಬಹುದು ಎಂದು ವಿವರಿಸಿದೆ. ಹಾಗೆ ನೋಡಿದರೆ ನನ್ನ ವೀಸಾ ಕೂಡ ಆಫೀಸಿನದು, ಆ ಕಂಪನಿಯಲ್ಲಿ ನಾನೂ ದುಡಿಯುವಂತಿರಲಿಲ್ಲ. ದುಡಿಯುವ ಉದ್ದೇಶ ಮೊದಲೇ ಇಲ್ಲದ್ದರಿಂದ ನನ್ನ ಹೆಸರಿಗೆ ಅಡ್ಡಿ ಕಾಣಲಿಲ್ಲ. ಹೆಸರು ಸೇರಿಸಬಹುದೇ ಎಂದು ಒಬ್ಬ ವಕೀಲರನ್ನು ಕೇಳಬಹುದಿತ್ತು. ಕೇಳಲಿಲ್ಲ. ಅವಳ ಹೆಸರು ನನಗೆ ಹೊಳೆದೇ ಇರಲಿಲ್ಲ, ವೀಸಾ ಆಮೇಲೆ ಸಿಕ್ಕ ನೆಪ. ಇದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅವಳು ಕಾಗದವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಸೋಮವಾರ ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯ ಹೆಂಗಸು ಬಹಳ ಸೌಜನ್ಯದಿಂದ, ಟೆಕ್ಸಸ್ಸಿನಲ್ಲಿ ಎಲ್‌ಎಲ್‌ಸಿಗೆ ಪತ್ರಿಕೆಯ ಪ್ರಕಟಣೆ ಬೇಕಿಲ್ಲ, ನೀವು ಯಾರಿಗೂ ತಿಳಿಸಬೇಕಾಗಿಲ್ಲ ಎಂದಳು. ಯಾರೂ ಕೇಳದಿದ್ದ ಪ್ರಕಟಣೆಯನ್ನು ಬರೆದು, ಯಾರು ಓದಬಾರದಿತ್ತೋ ಅವಳ ಕೈಗೇ ಕೊಟ್ಟಿದ್ದೆ.

ಕಂಪನಿ ಹುಟ್ಟಿತು, ಸರ್ಟಿಫಿಕೇಟ್ ಬಂತು, ರೊಟ್ಟಿ ಮಾತ್ರ ನಿಂತಿತು. ಶೈಲಾ ಜಗಳವಾಡಲಿಲ್ಲ. ಮನೆಗೆ ಚಪಾತಿ ಮಾಡತೊಡಗಿದಳು, ಅಷ್ಟೆ. ಪ್ರಸಾದ ಮೆಕ್ಸಿಕೋದವರ ರೊಟ್ಟಿ ಟಾರ್ಟಿಯಾ ಒತ್ತುವ ಯಂತ್ರ ತರಿಸಿ ಪ್ರಯೋಗ ಮಾಡಿದ. ಅದರಿಂದ ಬಂದದ್ದನ್ನು ಬಾಯಿಗಿಟ್ಟು, “ಇದನ್ನ ನಾವಿಬ್ರೇ ತಿನ್ಬೇಕು ಕಣೋ,” ಎಂದ. ವರ್ಷ ತುಂಬುವುದರೊಳಗೆ ಕಂಪನಿ ಮುಚ್ಚಿದೆವು. ಅದಕ್ಕೂ ಪತ್ರಿಕೆಯಲ್ಲಿ ಹೇಳಬೇಕಾಗಿರಲಿಲ್ಲ.

ಆಮೇಲೆ ಎಣ್ಣೆಯ ಬೆಲೆ ಬಿತ್ತು, ನನ್ನ ಕೆಲಸ ಹೋಯಿತು, ಡಲ್ಲಾಸಿನಲ್ಲಿ ಬೇರೆ ಕೆಲಸ ಸಿಕ್ಕಿತು. ಮಗಳ ಸ್ಕೂಲು ತಪ್ಪಿಸಬಾರದೆಂದು ಶೈಲಾ, ಮಗಳು ಇಬ್ಬರೂ ಹ್ಯೂಸ್ಟನ್ನಿನಲ್ಲೇ ಉಳಿದರು. ನಾನು ಡಲ್ಲಾಸಿನ ಪಕ್ಕದ ಲೂಯಿಸ್‌ವಿಲ್ಲಿನ ಅಪಾರ್ಟ್‌ಮೆಂಟಿಗೆ ಶಿಫ್ಟ್ ಆದೆ. ಎರಡು ವಾರಕ್ಕೊಮ್ಮೆ ಡ್ರೈವ್ ಮಾಡಿ ಮನೆಗೆ ಹೋಗುತ್ತಿದ್ದೆ, ಬಟ್ಟೆ ಮಷೀನಿಗೆ ಹಾಕಿ ಮಲಗುತ್ತಿದ್ದೆ. ಈ ನಡುವೆ ಶೈಲಾಗೆ ಕೆಲಸ ಮಾಡುವ ಪರವಾನಗಿ ಬಂದಿತ್ತು. ಏನು ಮಾಡುತ್ತಿದ್ದೀಯ ಎಂದು ನಾನು ಕೇಳಲಿಲ್ಲ.

ಒಂದು ಸಂಜೆ ಲೂಯಿಸ್‌ವಿಲ್ಲಿನ ಇಂಡಿಯನ್ ಅಂಗಡಿಯಲ್ಲಿ ಕಡಕ್ ರೊಟ್ಟಿಯ ಪ್ಯಾಕೆಟ್ ಕಂಡಿತು. ಸಣ್ಣ ಅಕ್ಷರ ಓದುವ ಚಟ, ತಿರುಗಿಸಿ ನೋಡಿದೆ. ಜೋಳದ ಹಿಟ್ಟು, ಎಳ್ಳು, ಉಪ್ಪು. ಕೆಳಗೆ, ಶೈಲಾ ಫುಡ್ಸ್ ಎಲ್‌ಎಲ್‌ಸಿ, ಹ್ಯೂಸ್ಟನ್. ಬಾಡಿಗೆಯ ಅಡುಗೆಮನೆಯೊಂದರಲ್ಲಿ ಎಂಟು ತಿಂಗಳಿಂದ ನಡೆಯುತ್ತಿದೆ ಎಂದು ಅಂಗಡಿಯವನು ಹೇಳಿದ.

ಪ್ಯಾಕೆಟ್ ಕೊಂಡು, ಕಾರಿನಲ್ಲಿ ಕೂತು ಫೋನ್ ಮಾಡಿದೆ. “ನನಗ ಒಂದ ಮಾತ ಹೇಳಬಾರದಿತ್ತೇನ?” ಎಂದೆ.

“ಟೆಕ್ಸಸ್‌ನ್ಯಾಗ ತಿಳಿಸಬೇಕಂತ ಕಾಯ್ದೆ ಇಲ್ರಿ,” ಎಂದಳು. ಸಿಟ್ಟಿರಲಿಲ್ಲ. ಹಿಂದೆ ಯಾರೋ ಪೆಟ್ಟಿಗೆಗಳನ್ನು ಎಣಿಸುತ್ತಿದ್ದರು, ಆಮೇಲೆ ಮಾತಾಡುತ್ತೇನೆಂದು ಫೋನಿಟ್ಟಳು.

ರೊಟ್ಟಿ ಮುರಿದು ಬಾಯಿಗಿಟ್ಟೆ. ಅಷ್ಟು ವರ್ಷ ಬಿಸಿಬಿಸಿಯಾಗಿ ತಟ್ಟೆಗೆ ಬಿದ್ದಾಗ ಒಮ್ಮೆಯೂ ಅವಳಿಗೆ ಹೇಳದ ಮಾತೊಂದನ್ನು ಹೇಳಬೇಕೆನಿಸಿ ಮತ್ತೆ ಫೋನ್ ಮಾಡಿದೆ. ರೊಟ್ಟಿ ಭಾಳ ಛಲೋ ಆಗ್ಯಾವ ಎಂದೆ. ಗಿರಾಕಿಗಳೆಲ್ಲರಿಗೂ ಹೇಳಿ ರೂಢಿಯಾದ ದನಿಯಲ್ಲಿ, “ಥ್ಯಾಂಕ್ಯೂ ರೀ. ಮತ್ತ ತಗೋರಿ,” ಎಂದಳು.