ಪತ್ರಿಕೆಯ ಜಗಲಿಯಲ್ಲಿ ಹೇಳಿದ ಹೆಸರು

ನಾವು ಹೋದ ದಿನ ಸಂತೆಯಿತ್ತೆಂದು ಒಮ್ಮೆ ಬರೆದಿದ್ದೆ. ಹೊಡೆದುಹಾಕಿದ್ದೇನೆ. ಸಂತೆ ನಡೆದದ್ದು ಬಣವೆ ಉರಿದ ಸಂಜೆ. ನಾನೂ ಅಕ್ಕನೂ ರಾಯದುರ್ಗದ ಪತ್ರಿಕೆ ಕಚೇರಿಯ ಜಗಲಿ ಹತ್ತಿದ್ದು ಅದಾದ ಮೇಲೆ. ನನ್ನ ನೆನಪು ಎರಡನ್ನೂ ಒಂದೇ ಬಿಸಿಲಿನಲ್ಲಿ ನಿಲ್ಲಿಸುತ್ತದೆ. ಅದನ್ನು ನಂಬಬೇಡಿ. ಅಕ್ಕ ಆಡಿದ ಮಾತುಗಳನ್ನು ನಂಬಿ. ಅವನ್ನು ತಿದ್ದಲು ನನಗೆ ಆಗಿಲ್ಲ.

ಭಾವ ಗುಮ್ಮಘಟ್ಟದ ಕಡೆ ಕುರಿ ಸಾಕುತ್ತಿದ್ದ. ಚುನಾವಣೆ ಗೆದ್ದ ಮುಖಂಡನೊಬ್ಬ ಊರ ಗೋಮಾಳಕ್ಕೆ ಬೇಲಿ ಹಾಕಿಸಿದಾಗ ಭಾವ ಜನರೆದುರು ಅವನನ್ನು ಪ್ರಶ್ನಿಸಿದ. ಕೆಲವು ವಾರಗಳಲ್ಲಿ ಆ ಮುಖಂಡನ ಬಣವೆಗೆ ಬೆಂಕಿ ಬಿತ್ತು, ಪೊಲೀಸರು ಭಾವನನ್ನು ಹಿಡಿದರು. ಬೆಂಕಿ ಬಿದ್ದ ಹೊತ್ತಿಗೆ ಅವನು ರಾಯದುರ್ಗದ ಕುರಿ ಸಂತೆಯಲ್ಲಿದ್ದ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಚೌಕಾಸಿ ಮಾಡುತ್ತಾರೆ. ಆ ಸಂಜೆ ಭಾವನ ಬೆರಳು ಹಿಡಿದಿದ್ದ ವ್ಯಾಪಾರಿಯೊಬ್ಬನೇ ನಮಗಿದ್ದ ಸಾಕ್ಷಿ.

ಲಾಕಪ್ಪಿನ ಸರಳುಗಳ ಹಿಂದಿನಿಂದ ಭಾವ ಅಂದ, “ಪೇಪರಿನೋರಿಗೆ ಹೇಳ್ರಿ. ಅವರು ಯಾರಿಗೂ ಹೆದರಂಗಿಲ್ಲ.”

ನಾನೂ ಹಾಗೆಯೇ ನಂಬಿದ್ದೆ. ಮಡಕಶಿರಾದಲ್ಲಿ ಕಡ್ಲೆಕಾಯಿ ಬಿಡಿಸುತ್ತ ಕೂತವರಿಗೆ ಆ ವಾರಪತ್ರಿಕೆಯನ್ನು ನಾನೇ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅದು ಕಲೆಕ್ಟರನನ್ನು, ಆಗ ನಮ್ಮನ್ನು ಆಳುತ್ತಿದ್ದ ಮದ್ರಾಸಿನ ಸರ್ಕಾರವನ್ನು ಬೈಯುವಾಗ ಎಲ್ಲರ ಕೈಯೂ ನಿಲ್ಲುತ್ತಿತ್ತು. ದೊರೆಗಳಿಗೇ ಹೆದರದವರು ಊರ ಮುಖಂಡನಿಗೆ ಹೆದರುತ್ತಾರೆಯೇ? ನಾವು ಹೆದರಿಕೆಯನ್ನಷ್ಟೇ ಯೋಚಿಸಿದೆವು. ಸ್ನೇಹ ನಮಗೆ ಹೊಳೆಯಲೇ ಇಲ್ಲ.

ಪತ್ರಿಕೆಯ ಯಜಮಾನರು ಅಕ್ಕನನ್ನು ಚಾಪೆಯ ಮೇಲೆ ಕೂರಿಸಿ ಕಾಫಿ ತರಿಸಿದರು.

“ಅಳಬ್ಯಾಡವಾ. ನಿನ್ನ ಗಂಡನ್ನ ಸಂತ್ಯಾಗ ನೋಡಿದೋರು ಯಾರು, ಹೆಸರು ಹೇಳು. ಹೆಸರಿಲ್ದ ಬರದ್ರ ಗಾಳಿಸುದ್ದಿ ಅಂತಾರ.”

ಅಕ್ಕ ವ್ಯಾಪಾರಿಯ ಹೆಸರು ಹೇಳಿದಳು. ಊರು ಬೆಳುಗುಪ್ಪ ಎಂದಳು. ಅವರು ಕೇಳದಿದ್ದರೂ ಮನೆಯ ಗುರುತನ್ನೂ ಹೇಳಿದಳು.

ನಾವು ಬೀದಿಗಿಳಿಯುವಷ್ಟರಲ್ಲಿ ಆ ಮುಖಂಡನ ಜಟಕಾ ಬಂದು ನಿಂತಿತು. ಯಜಮಾನರು ಬರಿಗಾಲಲ್ಲಿ ಓಡಿಬಂದು, ಅವನ ಹೆಗಲ ಮೇಲೆ ಕೈಹಾಕಿ ಒಳಗೆ ಕರೆದೊಯ್ದರು. ಎದುರಿನ ಎಲೆ ಅಡಿಕೆ ಅಂಗಡಿಯ ಮುದುಕಿಯನ್ನು ಕೇಳಿದೆ, “ಇವ್ರು ಇಲ್ಲಿಗೆ ಬರ್ತಿರ್ತಾರಾ?”

“ಯಾವೂರಪ್ಪಾ ನಿಂದು? ಇಬ್ಬರದೂ ಒಂದ ಮನಿ ಊಟ. ಆ ಅಚ್ಚಿನ ಮಿಷನ್ನು ಮುಗಿಲಿಂದ ಬಿತ್ತು ಅಂದ್ಕಂಡಿಯೇನು? ಜಟಕಾದಾಗ ಬಂದೋರು ಕೊಡಿಸಿದ್ದು. ಓಟು ಬಂದಾಗ ಪೇಪರಿನೋರು ಬರದು ತೀರಿಸ್ತಾರ.”

ಅಕ್ಕ ತಿರುಗಿ ಜಗಲಿಯತ್ತ ನಡೆದಳು. ತೋಳು ಹಿಡಿದೆ.

“ಬಿಡು ತಮ್ಮ. ತಪ್ಪು ಹೇಳಿದೆ ಅಂತೀನಿ. ಅವನಲ್ಲ, ಬ್ಯಾರೆ ಯಾರೋ ಅಂತೀನಿ.”

“ಈಗ ಹೋದ್ರೆ ಅವನೇ ಅಂತ ಇನ್ನೂ ಗಟ್ಟಿ ಆಗ್ತೈತೆ. ಬಾರಕ್ಕ.”

ಬಾಗಿಲು ಮುಚ್ಚಿತು. ಒಳಗಿನಿಂದ ನಗು ಕೇಳಿತು. ಕೇಳಿತೇ? ಬಾಗಿಲು ಮುಚ್ಚಿದ್ದು ಖಚಿತ. ನಗುವನ್ನು ನಾನು ಆಮೇಲೆ ಸೇರಿಸಿರಬಹುದು.

ವ್ಯಾಪಾರಿಯನ್ನು ಎಚ್ಚರಿಸಲು ಅಲ್ಲಿಂದ ನೇರ ಬೆಳುಗುಪ್ಪಕ್ಕೆ ಹೋದೆವು. ವ್ಯಾಪಾರಿ ಮಜ್ಜಿಗೆ ಕೊಟ್ಟು, “ನಾ ಅದೀನಿ, ಹೋಗವಾ” ಎಂದು ಧೈರ್ಯ ಹೇಳಿ ಕಳಿಸಿದ. ಆ ವಾರದ ಪತ್ರಿಕೆಯಲ್ಲಿ ಮುಖಂಡ ಬಾವಿಯೊಂದಕ್ಕೆ ಪೂಜೆ ಮಾಡಿದ ಸುದ್ದಿಯಿತ್ತು. ಭಾವನ ಸುದ್ದಿ ಇರಲಿಲ್ಲ. ಮುಂದಿನ ವಾರವೂ ಇರಲಿಲ್ಲ.

ಕೋರ್ಟಿನಲ್ಲಿ ವ್ಯಾಪಾರಿ ಅಕ್ಕನ ಮುಖ ನೋಡಲಿಲ್ಲ. ಸಂತೆಯಲ್ಲಿ ಅವನು ಕೂರುವ ಜಾಗ ಮುಖಂಡನ ಮಾತಿನ ಮೇಲೆ ನಿಂತಿದೆಯೆಂದು ನಮಗೆ ಆಮೇಲೆ ತಿಳಿಯಿತು.

“ಟವೆಲಿನ ಕೆಳಗ ಯಾರ ಕೈ ಇತ್ತೋ ಹೆಂಗ ಹೇಳ್ಲಿ ಸ್ವಾಮಿ? ಸಂತ್ಯಾಗ ಕೈಗೇನು ಬರ ಐತ್ರೀ?”

ಜನ ನಕ್ಕರು. ಈ ನಗು ನಿಜ.

ಶಿಕ್ಷೆಯಾಯಿತು. ಬಳ್ಳಾರಿ ಜೈಲಿಗೆ ಕರೆದೊಯ್ಯಲು ಬೇಡಿ ಹಾಕಿ ಭಾವನನ್ನು ಹೊರಗೆ ತಂದರು. ಅಕ್ಕ ಕಾನ್‌ಸ್ಟೇಬಲನ ಕಾಲಿಗೆ ಬಿದ್ದು ಒಂದು ಗಳಿಗೆ ನಿಲ್ಲಿಸಿಕೊಂಡಳು. ಭಾವ ವ್ಯಾಪಾರಿಯ ಬಗ್ಗೆ ಏನೂ ಅನ್ನಲಿಲ್ಲ.

“ಪೇಪರಿನ್ಯಾಗ ಬಂತೇನು?” ಎಂದು ಕೇಳಿದ.

ನಾನು ಬಾಯಿ ತೆರೆದೆ. ಅಕ್ಕ ನನ್ನ ಕೈ ಹಿಸುಕಿದಳು.

“ಬರ್ತೈತಿ. ಮುಂದಿನ ವಾರ ಹಾಕ್ತಾರಂತ.”

“ಬಂದಮ್ಯಾಗ ಬಿಡ್ತಾರ ತಗೋ,” ಎಂದ ಭಾವ, ಕಾನ್‌ಸ್ಟೇಬಲನಿಗೂ ಕೇಳಿಸಲೆಂದು ತುಸು ಗಟ್ಟಿಯಾಗಿ.