ಅಪ್ಪ ಬಿಟ್ಟುಹೋದ ಸ್ವೆಟರ್

ಒಳ್ಳೆಯ ಬಿಸಿಲು ಕಂಡರೆ ನನಗಾಗುವುದಿಲ್ಲ. ಇವತ್ತು ನಾನೀಗಿರುವ ಈ ಪರದೇಶದ ಊರು ಕ್ರೇಗಿಬರ್ನ್‌ನಲ್ಲಿ ಅಂಥದ್ದೇ ಬಿಸಿಲು. ಹಿತ್ತಲ ತಂತಿಯ ಮೇಲೆ ಹಾಕಿದ್ದ ಉಣ್ಣೆಬಟ್ಟೆಗಳು ಕಾದು ನುಸಿಗುಳಿಗೆಯ ವಾಸನೆ ಬಂದದ್ದೇ ತಡ, ಹಿಮಾಚಲದ ನಮ್ಮ ಬಾಡಿಗೆ ಮನೆಯ ಅಂಗಳ ನೆನಪಾಯಿತು.

ಧಾರವಾಡದವರಾದ ಅಪ್ಪ ಅಲ್ಲಿ ಬೆಟ್ಟದ ರಸ್ತೆಯ ಹಿಮ ಸರಿಸುವ ಬುಲ್ಡೋಜರ್ ಓಡಿಸುತ್ತಿದ್ದರು. ಚಳಿ ಕಳೆದು ಮೇ ತಿಂಗಳು ಬಂತೆಂದರೆ ಊರಿಗೆಲ್ಲ ಹಬ್ಬ. ಹೆಂಗಸರು ರಜಾಯಿಗಳನ್ನು ಬಿಸಿಲಿಗೆ ಹರವಿ ಹರಟುತ್ತಿದ್ದರು. ನಾನು ಆ ಬೆಚ್ಚನೆಯ ರಾಶಿಯಲ್ಲಿ ಉರುಳಾಡುತ್ತಿದ್ದೆ. ಅವ್ವ ಮಾತ್ರ ಮೇಲಿನ ಬಿಳಿ ಶಿಖರವನ್ನೇ ನೋಡುತ್ತಿದ್ದಳು. ದಾರಿ ತೆರೆಯಲು ಅಪ್ಪ ಹೋಗುತ್ತಿದ್ದದ್ದು ಅಲ್ಲಿಗೇ.

“ಇಂಥಾ ಬಿಸಲಿಗೆ ಮ್ಯಾಲಿನ ಬರ್ಫ ಸಡ್ಲಾಗತೈತ್ರಿ, ಇವತ್ತೊಂದಿನ ಹೋಗಬ್ಯಾಡ್ರಿ,” ಎಂದಳು ಒಂದು ಬೆಳಿಗ್ಗೆ.

ಅಪ್ಪ ನಕ್ಕರು. ತಂತಿಗೆ ಅವ್ವ ಹಾಕಿದ್ದ ತಮ್ಮ ಸ್ವೆಟರನ್ನು ಮುಟ್ಟಿ ನೋಡಿ, “ಹವಾ ಎಷ್ಟ್ ಚಲೋ ಐತಿ, ಇದ್ಯಾಕ ಬೇಕು? ಇಲ್ಲೇ ಇರ್ಲಿ,” ಎಂದು ಹೊರಟರು.

ಮಧ್ಯಾಹ್ನ ಹಿಮ ಕುಸಿಯಿತು. ಅಪ್ಪ ಅದರಡಿ ಸಿಕ್ಕಿ ತೀರಿಹೋದ ಸುದ್ದಿ ಸಂಜೆ ಬಂದಾಗ ತಂತಿಯ ಮೇಲಿನ ಸ್ವೆಟರ್ ಇನ್ನೂ ಬೆಚ್ಚಗಿತ್ತು.

“ಅಮ್ಮಾ, ಸಚ್ ಎ ಲವ್ಲಿ ಡೇ!” ಎನ್ನುತ್ತ ಈಗ ಮಗಳು ಹಿತ್ತಲಿಗೆ ಓಡಿ ಬಂದಳು. ಹೂಂ ಎಂದೆ. ಅಪ್ಪನ ಆ ಸ್ವೆಟರೊಂದನ್ನು ಮಾತ್ರ ತಂತಿಯಿಂದ ತೆಗೆದು ಮಡಚಿ ಒಳಗಿಟ್ಟೆ. ಅದಕ್ಕೆ ಇಷ್ಟು ಬಿಸಿಲು ಸಾಕು.